ಸೋಮಾರಿಯೆಂದು ಗದರಿಸಿದ್ದೆ

ಮೂಗಿನಲ್ಲಿ ಮಾತನಾಡುತ್ತ, ಲೆಕ್ಕದಲ್ಲಿ ಸದಾ ಎಡವುತ್ತಿದ್ದ ಶಿಷ್ಯನೊಬ್ಬನನ್ನು ನಾನು ಸೋಮಾರಿಯೆಂದು ಗದರಿಸಿದ್ದೆ. 22ನೆಯ ವರ್ಣತಂತುವಿನ ತುಣುಕೊಂದು ಹುಟ್ಟಿನಿಂದಲೇ ಅವನಲ್ಲಿಲ್ಲವೆಂಬುದು ತಿಳಿದದ್ದು ಅವನ 45ನೆಯ ವಯಸ್ಸಿನಲ್ಲಿ, ರಕ್ತದ ಕ್ಯಾಲ್ಸಿಯಂ ಕುಸಿದು ಫಿಟ್ಸ್ ಬಂದಾಗ.

ಎಳವೆಯಲ್ಲಿ ಹೃದಯದ ಶಸ್ತ್ರಚಿಕಿತ್ಸೆಯಾಯಿತು, ಇನ್ನು ಚಿಂತೆಯಿಲ್ಲವೆಂದು ಮನೆಯವರು ನಂಬಿದ್ದರು. ಈ ನ್ಯೂನತೆಗೆ ಅಂಥ ಮುಕ್ತಾಯವಿಲ್ಲ. ಪ್ರಾಯದಲ್ಲಿಯೂ ಕ್ಯಾಲ್ಸಿಯಂ, ಥೈರಾಯ್ಡ್ ಏರುಪೇರಾಗಬಹುದು. ಸುಮಾರು ನಾಲ್ವರಲ್ಲಿ ಒಬ್ಬರಿಗೆ ಸ್ಕಿಜೋಫ್ರೇನಿಯಾದಂಥ ಮನೋರೋಗ ಬರುತ್ತದೆ. ಆದುದರಿಂದ ವರ್ಷಕ್ಕೊಮ್ಮೆಯಾದರೂ ತಪಾಸಣೆ ಬೇಕು. ಹಣ ಎಣಿಸುವಾಗ, ಮಾತ್ರೆ ನುಂಗುವಾಗ ಪಕ್ಕದಲ್ಲೊಬ್ಬರು ಬೇಕು. ಇಂದು ಆ ಕೆಲಸ ಅವನ ವೃದ್ಧ ತಾಯಿಯದು. ನಾಳೆ ಯಾರದು? ಒಡಹುಟ್ಟಿದವರು ಈಗಲೇ ಕುಳಿತು ನಿರ್ಧರಿಸಬೇಕೆಂಬುದು ನನ್ನ ಅಭಿಪ್ರಾಯ.

ಶಿಕ್ಷಕರಾಗಿರುವ ನನ್ನ ಶಿಷ್ಯರೇ, ಮಗುವನ್ನು ಗದರಿಸುವ ಮುನ್ನ ವೈದ್ಯರಿಗೆ ತೋರಿಸುವಂತೆ ಹೇಳಿ. ನಾನು ಹೇಳಲಿಲ್ಲ.