ಕೈಗೆಲಸದ ವಿಚಾರ: ಗೂಡ್ಸ್ ಡಬ್ಬಿಯ ಪ್ರತಿಕೃತಿ

ಗೊಂಬೆಗೂ ಪ್ರತಿಕೃತಿಗೂ ಭೇದವುಂಟು. ಗೊಂಬೆಯು ಕಣ್ಣಿಗೆ ಸೊಗಸಾಗಿದ್ದರೆ ಸಾಕು. ಪ್ರತಿಕೃತಿಯು ಮೂಲವಸ್ತುವಿನ ಅಳತೆಗೆ ಬದ್ಧವಾಗಿರಬೇಕು. ಸಂಸ್ಕೃತದಲ್ಲಿ ಪ್ರಮಾಣವೆಂಬ ಒಂದೇ ಶಬ್ದವು ಅಳತೆಗೂ ಸಲ್ಲುವದು, ಯಥಾರ್ಥಜ್ಞಾನದ ಸಾಧನಕ್ಕೂ ಸಲ್ಲುವದು. ಈ ಎರಡರ್ಥಗಳೂ ಕೂಡಿದ ಒಂದು ಕೈಗೆಲಸವನ್ನು ಈ ತಿಂಗಳು ವಾಚಕರ ಮುಂದಿಡುತ್ತೇವೆ.

ಇಂಗ್ಲೆಂಡಿನಲ್ಲಿ ಹಳೆಯ ಗೂಡ್ಸ್ ಡಬ್ಬಿಗಳ ಬಿಡಿಭಾಗಗಳನ್ನು ಪ್ಲಾಸ್ಟಿಕಿನಲ್ಲಿ ಎರಕಹೊಯ್ದು ಪೆಟ್ಟಿಗೆಯಲ್ಲಿಟ್ಟು ಮಾರುವರು. ಪಕ್ಕದ ಹಲಗೆ, ತಳ, ಗಾಲಿ, ಬ್ರೇಕಿನ ಹಿಡಿ ಎಲ್ಲವೂ ಬೇರೆಬೇರೆ. ಕೊಂಡವರು ಅಂಟಿಸಿ ಬಣ್ಣ ಹಚ್ಚಬೇಕು. ಇವುಗಳಲ್ಲಿ ಕಲ್ಲಿದ್ದಲಿನ ಡಬ್ಬಿಯ ಚರಿತ್ರೆಯು ಸ್ವಾರಸ್ಯವಾದದ್ದು. 1923ರಲ್ಲಿ ಅಲ್ಲಿಯ ರೈಲ್ವೆ ಕ್ಲಿಯರಿಂಗ್ ಹೌಸು 12 ಟನ್ನಿನ ಡಬ್ಬಿಗೆ ಒಂದು ಮಾದರಿಯನ್ನು ಗೊತ್ತುಪಡಿಸಿತು: ಉದ್ದ 16 ಅಡಿ 6 ಅಂಗುಲ, ಅಚ್ಚುಗಳ ನಡುವೆ 9 ಅಡಿ. ಆ ಕಾಲದಲ್ಲಿ 5 ಲಕ್ಷಕ್ಕೂ ಮಿಕ್ಕ ಡಬ್ಬಿಗಳು ಗಣಿಯವರ ಹಾಗೂ ಇದ್ದಲಿ ವ್ಯಾಪಾರಿಗಳ ಸ್ವಂತದವು. ಒಡೆಯರ ಹೆಸರನ್ನು ದೊಡ್ಡ ಅಕ್ಷರಗಳಲ್ಲಿ ಹೊತ್ತು ಅವು ಓಡಾಡುತ್ತಿದ್ದವು. 1939ರಲ್ಲಿ ಯುದ್ಧವು ತೊಡಗಲು ಸರಕಾರವು ಅವನ್ನೆಲ್ಲ ಒಟ್ಟುಗೂಡಿಸಿತು. 1948ರಲ್ಲಿ ರೈಲುಗಳು ರಾಷ್ಟ್ರದ ಸ್ವತ್ತಾದವು. ಬಣ್ಣದ ಹೆಸರುಗಳು ಮಾಸಿಹೋದವು. ಇಂದು ಅವನ್ನು ಬಹುಮಟ್ಟಿಗೆ ಛಾಯಾಚಿತ್ರಗಳಲ್ಲಿಯೂ ಪ್ರತಿಕೃತಿಗಳಲ್ಲಿಯೂ ಕಾಣಬೇಕು.

ಅಲ್ಲಿ ರೂಢಿಯಾದ ಪ್ರಮಾಣವು ಅಡಿಗೆ 4 ಮಿಲಿಮೀಟರು. ಆದಕಾರಣ ಮೇಲ್ಕಂಡ ಡಬ್ಬಿಯು 66 ಮಿಲಿಮೀಟರು ಉದ್ದವಾಗುವದು. ಅಚ್ಚುಗಳ ಅಂತರ 36. ಆದರೆ ಹಳಿಯಲ್ಲಿ ಒಂದು ದೋಷವುಂಟು. ಲೆಕ್ಕದಂತೆ ಅದರ ಅಗಲ 18.83 ಇರತಕ್ಕದ್ದು, ಪೇಟೆಯ ಹಳಿ 16.5 ಮಾತ್ರ. ಪೂರ್ವದಲ್ಲಿ ಚಿಕ್ಕ ಎಂಜಿನಿನೊಳಗೆ ಮೋಟಾರು ಹಿಡಿಸದಿರಲು ಮೈಯನ್ನು ಹಿಗ್ಗಿಸಿ ಹಳಿಯನ್ನು ಹಾಗೆಯೇ ಬಿಟ್ಟರು. ಇದನ್ನು ಸಹಿಸದ ಹವ್ಯಾಸಿಗಳು 18.83ರ ಹಳಿಯನ್ನು ತಾವೇ ಹಾಸಿಕೊಳ್ಳುವರು. ಎರಡು ಮಿಲಿಮೀಟರಿಗಾಗಿ ಇಷ್ಟು ಶ್ರಮವೇ ಎಂದು ನಗುವವರು, ಸತ್ಯಕ್ಕೆ ಎಷ್ಟು ಅಂಗುಲದವರೆಗೆ ವಿನಾಯಿತಿ ಕೊಡಬಹುದೆಂಬದನ್ನೂ ಹೇಳಬೇಕು.

ಕಟ್ಟುವ ಕ್ರಮವು ಸುಲಭ. ಗಾಜಿನ ಹಲಗೆಯ ಮೇಲೆ ಮೂಲೆಗಳನ್ನು ಕಾಟಕೋನಕ್ಕೆ ಹಿಡಿದು ಅಂಟಿಸಬೇಕು. ನಾಲ್ಕು ಗಾಲಿಗಳೂ ಒಟ್ಟಿಗೆ ನೆಲ ಮುಟ್ಟಬೇಕು. ಹಗುರಾದ ಡಬ್ಬಿಯು ತಿರುವಿನಲ್ಲಿ ಹಳಿ ತಪ್ಪುವದರಿಂದ ತಳದಲ್ಲಿ ತುಸು ಭಾರವಿಡಬೇಕು.

ನಮ್ಮ ಯಂಕಂಚಿಯವರು ರೈಲು ಕಾಣಲು ಇಂಡಿ ರೋಡಿಗೋ ವಿಜಯಪುರಕ್ಕೋ ಹೋಗಬೇಕು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯವರು ಹಾಸಿದ ಹೊಟಗಿ-ಗದಗ ದಾರಿಯು ಮೀಟರ್ ಗೇಜಿನದಾಗಿದ್ದಿತು. ಅದರ ಡಬ್ಬಿಗೆ ಇಂಗ್ಲೆಂಡಿನದರಂತೆ ತುದಿಗೆರಡು ಬಫರುಗಳಿರದೆ ನಡುವೆ ಒಂದೇ ಇರುತ್ತಿತ್ತು. 2010ರೊಳಗೆ ಆ ದಾರಿಯೆಲ್ಲ ದೊಡ್ಡ ಗೇಜಾಗಿ, ಸಣ್ಣ ಡಬ್ಬಿಗಳು ಕಣ್ಮರೆಯಾದವು. ಅವುಗಳಿಗೆ ಚೀಲ ಹೊತ್ತು ತುಂಬಿದ ಹಮಾಲರು ಇನ್ನೂ ಊರೂರುಗಳಲ್ಲಿರುವರು. ಬಾಗಿಲು ಎಷ್ಟೆತ್ತರ, ಒಂದು ಡಬ್ಬಿಗೆ ಚೀಲಗಳೆಷ್ಟು ಎಂಬದನ್ನು ಅವರ ಭುಜಗಳು ಬಲ್ಲವು.

ಗೃಹಸ್ಥರು ಮಕ್ಕಳ ಕೈಗೆ ಕಾಗದವನ್ನಿತ್ತು ಅಂಥ ಹಿರಿಯರ ಬಳಿಗೆ ಕಳುಹಲಿ. ಮೈಸೂರಿನಲ್ಲಿ 1979ರಲ್ಲಿಯೂ ಹುಬ್ಬಳ್ಳಿಯಲ್ಲಿ 2020ರಲ್ಲಿಯೂ ತೆರೆದ ರೈಲ್ವೆ ಸಂಗ್ರಹಾಲಯಗಳನ್ನು ತೋರಿಸಲಿ. ಬಳಿಕ ದಪ್ಪ ರಟ್ಟಿನಿಂದಲೇ ಡಬ್ಬಿಯನ್ನು ಕಟ್ಟಬಹುದು. ಅಡಿಗೆ 4 ಮಿಲಿಮೀಟರಿನಂತೆ ಅದರ ಹಳಿಯ ಅಗಲ 13.1 ಆಗುವದು. ಪೆಟ್ಟಿಗೆಯು ಯಾವಾಗಲಾದರೂ ಪೇಟೆಯಿಂದ ಬಂದೀತು. ಹೇಳುವ ಹಿರಿಯರು ಮಾತ್ರ ಕಾಯುತ್ತ ಕೂಡ್ರಲಾರರು.