ಹಡಪದಿಂದ ಬಂದ ದೊರೆತನ

ಅರಸನಿಗೆ ತಾಂಬೂಲವನ್ನು ನೀಡುವ ಹಡಪದ ಸೇವೆಯನ್ನು ಕೇವಲ ಊಳಿಗವೆಂದು ಭಾವಿಸುವವರು, ಕೃಷ್ಣದೇವರಾಯನ ಸನ್ನಿಧಿಯಲ್ಲಿ ಆ ಕಾಯಕವನ್ನು ನಡೆಸಿದ ಎರೆ ಕೃಷ್ಣಪ್ಪನಾಯಕನಿಗೆ 1524ರಲ್ಲಿ ಬೇಲೂರು ಸೀಮೆಯೇ ದೊರೆಯಿತೆಂಬುದನ್ನು ನೆನೆಯುವುದು ಲೇಸು. ನಮ್ಮ ಕುಂದೂರಿನ ಆಸುಪಾಸಿನ ಈ ಮಲೆಸೀಮೆಯಲ್ಲಿ ಮುಂದೆ ಪ್ರಬಲರಾದ ಐಗೂರು ಪಾಳೆಯಗಾರರು ಆ ವಂಶದವರೇ. ಜರ್ಮನ್ ಚಕ್ರವರ್ತಿಯ ಆಸ್ಥಾನದಲ್ಲಿಯೂ, 1356ರ ಸುವರ್ಣಶಾಸನದಂತೆ, ಬೊಹೆಮಿಯದ ದೊರೆಯು ಪಾನಪಾತ್ರೆಯನ್ನು ಹಿಡಿಯತಕ್ಕವನು, ಬ್ರಾಂಡೆನ್‌ಬರ್ಗಿನ ಪ್ರಭುವು ಕೈತೊಳೆಯಲು ನೀರು ನೀಡತಕ್ಕವನು. ಸೇವೆಯ ಹೆಸರಿನಲ್ಲಿ ಅಧಿಕಾರವು ಅಡಗಿದ್ದಿತು.

ಐಗೂರಿನವರನ್ನು ಬರಿಯ ದಂಗೆಕೋರರೆನ್ನುವುದು ನನಗೆ ಸಮ್ಮತವಲ್ಲ. ಇತ್ತ ಮೈಸೂರು, ಅತ್ತ ಇಕ್ಕೇರಿ, ನಡುವೆ ತಾವು ಎಂಬ ಸ್ಥಿತಿಯಲ್ಲಿ, 1694ರ ಒಪ್ಪಂದದಿಂದ ಆರು ನಾಡುಗಳನ್ನು ಉಳಿಸಿಕೊಂಡವರು ಇವರು. ಮೂರನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೇನಾಪತಿ ಕಾರ್ನ್‌ವಾಲಿಸನ ಪಕ್ಷವನ್ನು ಸೇರಿ, ಸಂಧಿಯಾದ ಬಳಿಕ ಭೀತಿಯಿಂದ ಕೊಡಗಿಗೆ ಓಡಿದ ಅಂದಿನ ಐಗೂರು ಪಾಳೆಯಗಾರ ಕೃಷ್ಣಪ್ಪನಾಯಕನನ್ನು ಟಿಪ್ಪುವೇ ಕರೆಸಿ ಐಗೂರನ್ನು ಕೊಟ್ಟನು; ಮುನಿದ ಸುಲ್ತಾನನೂ ಸಂಧಾನವನ್ನು ಬಲ್ಲವನಾಗಿದ್ದನು!

ಜರ್ಮನಿಯ ಸಣ್ಣ ಪ್ರಭುಗಳಿಗಾದರೋ 1648ರ ವೆಸ್ಟ್‌ಫೇಲಿಯ ಒಡಂಬಡಿಕೆಯು, ಚಕ್ರವರ್ತಿಗೂ ಸಾಮ್ರಾಜ್ಯಕ್ಕೂ ವಿರುದ್ಧವಾಗದ ಮಟ್ಟಿಗೆ, ಪರರೊಡನೆ ಮೈತ್ರಿ ಬೆಳೆಸುವ ಹಕ್ಕನ್ನು ಮಾನ್ಯಮಾಡಿದ್ದಿತು. ಅರೆಸ್ವಾತಂತ್ರ್ಯದ ಆ ಪರಿಯನ್ನು ಈಸ್ಟ್ ಇಂಡಿಯಾ ಕಂಪನಿಯವರು ಇಲ್ಲಿ ಸಹಿಸಲಿಲ್ಲ; ಆರ್ಥರ್ ವೆಲ್ಲೆಸ್ಲಿಯ ದಂಡು 1802ರಲ್ಲಿ ಐಗೂರಿನ ವೆಂಕಟಾದ್ರಿನಾಯಕನನ್ನು ಹಿಡಿದು ಗಲ್ಲಿಗೇರಿಸಿತು. ಇದೇ ಸೀಮೆಯ ಮಂಜರಾಬಾದಿನ ನಕ್ಷತ್ರಾಕಾರದ ಕೋಟೆಯನ್ನು ಮಕ್ಕಳಿಗೆ ತೋರಿಸುವ ಉಪಾಧ್ಯಾಯರು ಈ ಸಂಧಾನಗಳ ಕಥೆಯನ್ನೂ ಅಲ್ಲಿಯೇ ಹೇಳತಕ್ಕದ್ದು.