ಕಾರ್ಖಾನೆ ನಿಂತ ಮೇಲೆ ಕಲೆಯೇ?

ಇಂಗ್ಲೆಂಡಿನ ಸಾಲ್ಟೇರಿನಲ್ಲಿ 1853ರಲ್ಲಿ ತೆರೆದ ಬೃಹತ್ ಉಣ್ಣೆಯ ಗಿರಣಿಯು 1986ರಲ್ಲಿ ನಿಂತು, ಮರುವರ್ಷವೇ ಚಿತ್ರಶಾಲೆಯಾಗಿ ಪುನರ್ಜನ್ಮವನ್ನು ಪಡೆಯಿತೆಂಬ ವೃತ್ತಾಂತವನ್ನು ಕಲಾಪೋಷಕರು ಪುರಾಣಶ್ರವಣದ ಶ್ರದ್ಧೆಯಿಂದ ಹೇಳುವುದುಂಟು. ಪಾಳುಬಿದ್ದ ಗಿರಣಿಗಳಿಗೆಲ್ಲ ಕಲಾವಿದರ ವಸತಿಕೇಂದ್ರವೇ ಸಿದ್ಧೌಷಧವೆಂಬ ಅಭಿಪ್ರಾಯವೂ ಅದರ ಬೆನ್ನಿಗೇ ಬರುತ್ತದೆ. ಈ ಔಷಧವನ್ನು ಶಿವಮೊಗ್ಗ ಜಿಲ್ಲೆಯ ಭದ್ರಾವತಿಗೆ ಕುಡಿಸಕೂಡದೆಂಬುದು ನನ್ನ ವಾದ.

ಅಲ್ಲಿ ಕೆಮ್ಮಣ್ಣುಗುಂಡಿಯ ಅದಿರನ್ನೂ ಮಲೆನಾಡಿನ ಮರದ ಇದ್ದಲನ್ನೂ ನಂಬಿ, ವಿಶ್ವೇಶ್ವರಯ್ಯನವರ ಸಂಕಲ್ಪಬಲದಿಂದ 1923ರಲ್ಲಿ ಕಬ್ಬಿಣವನ್ನು ಕರಗಿಸತೊಡಗಿದ ಕಾರ್ಖಾನೆ, ಮಿರ್ಜಾ ಇಸ್ಮಾಯಿಲರ ದಿವಾನಗಿರಿಯಲ್ಲಿ 1936ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆ, ಇವೆರಡರ ಆಶ್ರಯದಲ್ಲಿ ನ್ಯೂಟೌನ್, ಪೇಪರ್ ಟೌನ್‌ಗಳಷ್ಟೇ ಅಲ್ಲ, ಊರಿನ ಅಂಗಡಿ ಮುಂಗಟ್ಟು, ಸಂಘಸಂಸ್ಥೆಗಳೂ ಬೆಳೆದುವು. ಕಾಗದದ ಕಾರ್ಖಾನೆ 2015ರಲ್ಲಿ ಉತ್ಪಾದನೆಯನ್ನು ನಿಲ್ಲಿಸಿತು. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನವು ಅದರ ಶತಮಾನದ ವರ್ಷವಾದ 2023ರ ಜನವರಿಯಲ್ಲಿಯೇ ಹೊರಬಿದ್ದಿತು. ಮುಹೂರ್ತವಿಟ್ಟವರ ರಸಿಕತೆಯನ್ನು ಮೆಚ್ಚಬೇಕು! ಅಂದು ಬೀದಿಗಿಳಿದ ಗುತ್ತಿಗೆ ಕಾರ್ಮಿಕರು ಕೇಳಿದುದು ಕೆಲಸವನ್ನು, ಚಿತ್ರಪ್ರದರ್ಶನವನ್ನಲ್ಲ.

ಕಟ್ಟಡಗಳು ಮಳೆಗೆ ಕರಗಿಹೋಗುವುದಕ್ಕಿಂತ ಕಲೆಗಾದರೂ ಒದಗಲಿ ಎಂಬ ಮಾತು ನಿಸ್ಸಾರವಾದುದಲ್ಲ. ಆದರೆ ಸಾಲ್ಟೇರಿನ ಮಗ್ಗುಲಲ್ಲಿ ಬ್ರ್ಯಾಡ್‌ಫರ್ಡ್, ಲೀಡ್ಸ್‌ಗಳೆಂಬ ಮಹಾನಗರಗಳಿದ್ದುವು. ಭದ್ರಾವತಿಯ ಮಗ್ಗುಲಲ್ಲಿರುವ ಶಿವಮೊಗ್ಗಕ್ಕೆ ಆ ಬಲವಿಲ್ಲ. ಮತ್ತು ಅತಿಥಿ ಕಲಾವಿದನ ಕಣ್ಣಿಗೆ ತುಕ್ಕುಹಿಡಿದ ಯಂತ್ರದ ಸೌಂದರ್ಯವು ಕಾಣಿಸುವಷ್ಟು ಸುಲಭವಾಗಿ ಕಾಗದದ ಕಾರ್ಖಾನೆಯ ಅಕೇಶಿಯಾ ನೆಡುತೋಪು ಕಾಣಿಸುವುದೇ? ಇಪ್ಪತ್ತು ಸಾವಿರ ಹೆಕ್ಟೇರಿನಷ್ಟು ಅರಣ್ಯಭೂಮಿಯ ಗುತ್ತಿಗೆಯನ್ನು, 2015ರಿಂದ ಒಂದು ಹಾಳೆ ಕಾಗದವನ್ನೂ ಮಾಡದಿದ್ದ ಕಾರ್ಖಾನೆಗೆ, 2020ರಲ್ಲಿ ಸರಕಾರವು ಇನ್ನೂ ನಲವತ್ತು ವರ್ಷ ಮುಂದುವರಿಸಿದಾಗ ‘ನಮ್ಮೂರಿಗೆ ಅಕೇಶಿಯಾ ಮರ ಬೇಡ’ ಎಂದು ಮಲೆನಾಡಿಗರು ಎದ್ದು ನಿಂತರಲ್ಲವೆ? ಗಿರಣಿಯ ಚರಿತ್ರೆಯೆಂದರೆ ಇದೂ ಸೇರಿದ ಚರಿತ್ರೆ. ಅದನ್ನು ಬಿಟ್ಟು ಚಿಮಣಿಯನ್ನು ಮಾತ್ರ ಚಿತ್ರಿಸುವುದು ಅಲಂಕಾರಪ್ರಿಯತೆಯಷ್ಟೆ.

ಕಲೆಯೂ ದುಡಿಮೆಯೂ ಕೂಡಿ ಬಾಳುವ ಮಾದರಿಗಾಗಿ ಪರದೇಶಕ್ಕೆ ಹೋಗಬೇಕಾಗಿಲ್ಲ. ಇದೇ ಜಿಲ್ಲೆಯ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಮ್ ನಾಟಕಸಂಸ್ಥೆಯ ನೆರೆಯಲ್ಲಿಯೇ, ರಂಗಕರ್ಮಿ ಪ್ರಸನ್ನರ ನೇತೃತ್ವದಲ್ಲಿ 1996ರಲ್ಲಿ ಹುಟ್ಟಿದ ‘ಚರಕ’ದ ಹೆಣ್ಣುಮಕ್ಕಳು ಕೈಮಗ್ಗದಲ್ಲಿ ನೇಯ್ದು, ನೈಸರ್ಗಿಕ ಬಣ್ಣ ಕೊಟ್ಟು ಬಟ್ಟೆಯನ್ನು ಮಾಡುತ್ತ ಬಂದರು. 2020ರಲ್ಲಿ ದಿವಾಳಿಯನ್ನು ಘೋಷಿಸಬೇಕಾಗಿ ಬಂದ ಸಂಕಟವನ್ನೂ ಆ ಸಂಸ್ಥೆ ಕಂಡಿತು. ಆದರೂ ಅಲ್ಲಿ ಮಗ್ಗವೇ ಮೊದಲು, ನೋಟಕರು ಆಮೇಲೆ.

ಜವಳಿಯ ಗಿರಣಿಯಿಂದಲೇ ಸ್ಫೂರ್ತಿ ಬೇಕೆನ್ನುವವರು ಶಿವಮೊಗ್ಗ–ಭದ್ರಾವತಿ ಹಾದಿಯ ಮಾಚೇನಹಳ್ಳಿಯಲ್ಲಿ ಇಳಿಯಲಿ. ಅಲ್ಲಿನ ಗಾರ್ಮೆಂಟ್ಸಿನಲ್ಲಿ ಹೊಲಿಗೆಯ ಯಂತ್ರದ ಮುಂದೆ ಪಾಳಿಯುದ್ದಕ್ಕೂ ಕುಳಿತಿರುವ ಹೆಂಗಸರು ಐತಿಹಾಸಿಕರಲ್ಲವೆಂಬುದೊಂದೇ ಅವರ ಕೊರತೆ. ಭದ್ರಾವತಿಗಾದರೆ ಮೊದಲು ಬಂಡವಾಳ ಬರಲಿ, ಕುಲುಮೆ ಹೊತ್ತಿ ಉರಿಯಲಿ. ಆಮೇಲೆ ಕಲಾವಿದನು ಬರುವುದಾದರೆ ಅವನ ಗೇಟ್‌ಪಾಸಿಗೆ ರುಜು ಹಾಕುವ ಅಧಿಕಾರವು ಕಾರ್ಮಿಕ ಸಂಘದ್ದಾಗಿರಲಿ.